ಹೈಫಾ ಗೆದ್ದ ಮೈಸೂರು ಸವಾರರ ಸ್ಮಾರಕ

ಬೆಂಗಳೂರಿನ ಜೆ.ಸಿ. ನಗರ ಇಂದು ಅಂಗಡಿ, ಶಾಲೆ, ಮನೆಗಳಿಂದ ಕಿಕ್ಕಿರಿದ ಬಡಾವಣೆ. ಒಂದು ಕಾಲಕ್ಕೆ ಇಲ್ಲಿ ಕುದುರೆ ಲಾಯಗಳಿದ್ದವು, ಸವಾರರ ಸಾಲುಮನೆಗಳಿದ್ದವು. ಮೈಸೂರು ಸಂಸ್ಥಾನದ ಅಶ್ವದಳದ ನೆಲೆ ಇದು. ಆ ದಳದ ನೆನಪಿಗಾಗಿ ನಿಲ್ಲಿಸಿದ ಕಲ್ಲಿನ ಸ್ಮಾರಕ ಈಗಲೂ ಇಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಪರದೇಶದಲ್ಲಿ ಮಡಿದ 26 ಮಂದಿಯ ಹೆಸರುಗಳನ್ನು ಅದರ ಮೇಲೆ ಕೆತ್ತಲಾಗಿದೆ. ಇವರು ಮೈಸೂರು ಲ್ಯಾನ್ಸರ್ಸ್ ಸವಾರರು. ಈಜಿಪ್ಟಿನ ಮರಳುಗಾಡಿನಿಂದ ಸಿರಿಯಾದ ಬೆಟ್ಟಗಳವರೆಗೆ ಹೋರಾಡಿದ ಕನ್ನಡನಾಡಿನ ಮಕ್ಕಳು.

ಯುದ್ಧ ಸ್ಮಾರಕವೆಂದರೆ ಹೂವಿಟ್ಟು ಕೈಮುಗಿದು ಬರುವ ಜಾಗವೆಂದು ನಾವು ತಿಳಿದಿದ್ದೇವೆ. ಅಷ್ಟಾದರೆ ಸಾಲದು. ಒಂದೊಂದು ಹೆಸರಿನ ಹಿಂದೆಯೂ ಊರು, ಮನೆ, ಕಸುಬು, ಪಟ್ಟ ಪಾಡು ಎಲ್ಲ ಇರುತ್ತವೆ. ಅವನ್ನು ತಿಳಿದುಕೊಂಡಾಗಲೇ ಸತ್ತವರಿಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ.

ಸಿಲೇದಾರರಿಂದ ಲ್ಯಾನ್ಸರ್ಸ್‌ವರೆಗೆ

ಮೈಸೂರಿನಲ್ಲಿ ಕುದುರೆ ಸವಾರಿಕೆಯ ಪರಂಪರೆ ಹಳೆಯದು. ಕುದುರೆಯನ್ನೂ ಆಯುಧವನ್ನೂ ತಾನೇ ತಂದು ದೊರೆಯ ಸೇವೆಗೆ ನಿಲ್ಲುತ್ತಿದ್ದವನು ಸಿಲೇದಾರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಸಂಸ್ಥಾನಗಳ ಮುಂದೆ ಒಂದು ಯೋಜನೆ ಇಟ್ಟಿತು. ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಪಡೆಗಳನ್ನು ತರಬೇತುಗೊಳಿಸಿ ಇಟ್ಟುಕೊಳ್ಳಬೇಕು, ಸಾಮ್ರಾಜ್ಯಕ್ಕೆ ಅಗತ್ಯ ಬಿದ್ದಾಗ ಕಳುಹಿಸಿಕೊಡಬೇಕು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ, ಈ ಯೋಜನೆಯಂತೆ ಹುಟ್ಟಿದ್ದು ಮೈಸೂರು ಲ್ಯಾನ್ಸರ್ಸ್. ಲ್ಯಾನ್ಸ್ ಎಂದರೆ ಉದ್ದನೆಯ ಭರ್ಜಿ. ಅದೇ ಈ ಸವಾರರ ಮುಖ್ಯ ಆಯುಧ. ಅರಸು ಮನೆತನದವರು, ಮರಾಠರು, ಮುಸ್ಲಿಮರು ಹೆಗಲಿಗೆ ಹೆಗಲು ಕೊಟ್ಟು ದುಡಿದ ದಳವಿದು. ಸವಾರ, ದಫೇದಾರ, ಜಮೇದಾರ, ರಿಸಾಲ್ದಾರ ಎಂದು ಅವರ ದರ್ಜೆಗಳು.

1914ರಲ್ಲಿ ಯುದ್ಧ ಆರಂಭವಾದಾಗ ಪಟ್ಟದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಯುದ್ಧದ ವೆಚ್ಚಕ್ಕೆಂದು ಅವರು 50 ಲಕ್ಷ ರೂಪಾಯಿ ಕೊಟ್ಟರು. ಅದರೊಂದಿಗೆ ತಮ್ಮ ಅಶ್ವದಳವನ್ನೂ ಕಳುಹಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಳ ಕುದುರೆಗಳ ಸಮೇತ ಹಡಗು ಹತ್ತಿತು. ರೆಜಿಮೆಂಟ್‌ದಾರ್ ಬಿ. ಚಾಮರಾಜ ಅರಸು ದಳದ ಮುಂದಾಳು. ಕರ್ನಲ್ ದೇಶರಾಜ ಅರಸು ಕೂಡ ಜೊತೆಗೆ ಹೋದರು. ಈಜಿಪ್ಟಿನಲ್ಲಿ ಹೈದರಾಬಾದ್ ಮತ್ತು ಮೈಸೂರಿನ ಲ್ಯಾನ್ಸರ್‌ಗಳನ್ನು 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವ ಬ್ರಿಗೇಡಿಗೆ ಸೇರಿಸಲಾಯಿತು. ಹೈಫಾ ಕದನದ ಹೊತ್ತಿಗೆ ಜೋಧಪುರದವರೂ ಇದೇ ಬ್ರಿಗೇಡಿನಲ್ಲಿದ್ದರು.

ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ಕೇಳಲು ಸುಲಭವೆನಿಸಬಹುದು. ಆದರೆ ನೆರಳಿಲ್ಲದ ಮರಳಿನಲ್ಲಿ ವರ್ಷಗಟ್ಟಲೆ ಗಸ್ತು ತಿರುಗಬೇಕು, ತನಗಿಂತ ಮೊದಲು ಕುದುರೆಗೆ ನೀರು ಹೊಂದಿಸಬೇಕು, ಮನೆಯ ಕಾಗದ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಸೈನಿಕನ ಸೇವೆಯ ಬಹುಪಾಲು ಸವೆಯುವುದು ಇಂಥ ದಿನಗಳಲ್ಲೇ. ಇತಿಹಾಸದ ಪುಸ್ತಕದಲ್ಲಿ ಅವಕ್ಕೆ ಸಿಗುವುದು ಒಂದೇ ಸಾಲು.

1918ರ ಸೆಪ್ಟೆಂಬರ್ 23

ಕಾಲುವೆಯ ಕಾವಲಿನಿಂದ ಮುಂದೆ ಸಾಗಿದ ದಳ ಶತ್ರುಪಕ್ಷದ ತುರ್ಕರೊಡನೆ ಹೋರಾಡುತ್ತ ಹೈಫಾ ತಲುಪಿತು. ಹೈಫಾ ಮೆಡಿಟರೇನಿಯನ್ ತೀರದ ಬಂದರು ಪಟ್ಟಣ. ಒಂದು ಪಕ್ಕದಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕದಲ್ಲಿ ಕಿಶೋನ್ ನದಿಯ ಜೌಗು. ಎರಡರ ನಡುವಿನ ಇಕ್ಕಟ್ಟಿನಲ್ಲಿ ಪಟ್ಟಣಕ್ಕೆ ಹೋಗುವ ದಾರಿ. ತುರ್ಕರ ಫಿರಂಗಿಗಳು ಬೆಟ್ಟದ ಮೇಲಿದ್ದವು, ಮೆಷಿನ್ ಗನ್‌ಗಳು ಕೆಳಗಿನ ದಾರಿಯನ್ನು ಕಾಯುತ್ತಿದ್ದವು. ಭರ್ಜಿ ಹಿಡಿದ ಸವಾರರು ಗೆಲ್ಲಬೇಕಾಗಿದ್ದುದು ಇಂಥ ನೆಲೆಯನ್ನು.

ಕೆಲಸವನ್ನು ಹಂಚಿಕೊಳ್ಳಲಾಯಿತು. ಕೆಳಗಿನಿಂದ ನುಗ್ಗುವ ಹೊಣೆ ಜೋಧಪುರದ ದಳದ್ದು. ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸದೆ ಆ ದಾಳಿ ಸಾಗುವಂತಿರಲಿಲ್ಲ. ಹಾಗಾಗಿ ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಏರಿತು. ಕಲ್ಲುಬಂಡೆಗಳ ಕಡಿದಾದ ಏರು. ದಾರಿಯಲ್ಲಿ ಬಳಲಿದ ಕುದುರೆಗಳು ಹಿಂದುಳಿದವು. ಕೊನೆಗೆ ನೆತ್ತಿ ತಲುಪಿದ ಬೆರಳೆಣಿಕೆಯ ಸವಾರರೇ ಫಿರಂಗಿಗಳ ಮೇಲೆ ಎರಗಿ ಅವನ್ನು ವಶಪಡಿಸಿಕೊಂಡರು. ಇತ್ತ ಮೈಸೂರಿನ ಉಳಿದ ತುಕಡಿಗಳು ಜೋಧಪುರದವರ ದಾಳಿಗೆ ಬೆಂಬಲವಾಗಿ ಗುಂಡು ಹಾರಿಸಿ, ಅವರ ಹಿಂದೆಯೇ ಪಟ್ಟಣದೊಳಕ್ಕೆ ನುಗ್ಗಿದವು. ಜೋಧಪುರದ ಮುಂದಾಳು ಮೇಜರ್ ದಲಪತ್ ಸಿಂಗ್ ಅಂದು ಮಡಿದರು. ಸಂಜೆಯೊಳಗೆ ಹೈಫಾ ಕೈಸೇರಿತು. ಸೆರೆಸಿಕ್ಕ ಶತ್ರುಗಳು 1,350 ಮಂದಿ. ಜೊತೆಗೆ 17 ಫಿರಂಗಿ, 11 ಮೆಷಿನ್ ಗನ್. ಮೆಷಿನ್ ಗನ್ನಿನ ಯುಗದಲ್ಲಿ ಭದ್ರವಾಗಿ ಕಾವಲಿದ್ದ ಪಟ್ಟಣವೊಂದನ್ನು ಕುದುರೆ ದಳ ನುಗ್ಗಿ ಗೆದ್ದದ್ದು ಯುದ್ಧಗಳ ಇತಿಹಾಸದಲ್ಲೇ ಅಪರೂಪ.

ಹೈಫಾ ಹೆಸರಾಯಿತು. ಅದರ ಮುಂದಿನ ಕಥೆ ಮಾತ್ರ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಡಮಾಸ್ಕಸ್ ಬಿದ್ದ ಮೇಲೆ ಈ ಬ್ರಿಗೇಡ್ ಹೋಮ್ಸ್, ಹಮಾ ಪಟ್ಟಣಗಳನ್ನು ಹಾದು ಅಲೆಪ್ಪೊ ಕಡೆಗೆ ನಡೆಯಿತು. ಆ ಶರತ್ಕಾಲದಲ್ಲಿ ಮಲೇರಿಯಾ, ಇನ್‌ಫ್ಲುಯೆಂಜಾ ಎರಡೂ ಸೇನೆಯನ್ನು ಹಿಂಡಿಹಾಕಿದವು. ಅಕ್ಟೋಬರ್ 26ರಂದು ಅಲೆಪ್ಪೊ ಆಚೆಯ ಹರಿತಾನ್ ಎಂಬಲ್ಲಿ ಮೈಸೂರು ಮತ್ತು ಜೋಧಪುರದ ಸವಾರರು ಹಿಂದೆ ಸರಿಯುತ್ತಿದ್ದ ತುರ್ಕರ ಮೇಲೆ ಬಿದ್ದರು. ಮುಂದೆ ಆಧುನಿಕ ಟರ್ಕಿಯನ್ನು ಕಟ್ಟಿದ ಮುಸ್ತಫಾ ಕೆಮಾಲ್ ಆ ಭಾಗದ ತುರ್ಕಿ ಪಡೆಗಳ ನಾಯಕ. ಎದುರಿಗಿದ್ದವರ ಬಲ ಅಂದಾಜು ಮೀರಿತ್ತು. ಬ್ರಿಗೇಡಿನ ಸುಮಾರು 80 ಮಂದಿ ಸತ್ತರು ಅಥವಾ ಗಾಯಗೊಂಡರು. ಅಕ್ಟೋಬರ್ 30ರಂದು ಟರ್ಕಿಯೊಡನೆ ಕದನವಿರಾಮದ ಒಪ್ಪಂದವಾಯಿತು. ನಾಲ್ಕು ವರ್ಷ ಮರಳುಗಾಡಿನಲ್ಲಿ ಬದುಕುಳಿದವರಲ್ಲಿ ಕೆಲವರು ಯುದ್ಧ ಮುಗಿಯಲು ನಾಲ್ಕೇ ದಿನ ಇರುವಾಗ ಮಡಿದರು. ಹರಿತಾನ್ ಅನ್ನು ನೆನೆಯದೆ ಹೈಫಾವನ್ನಷ್ಟೇ ನೆನೆದರೆ ನಾವು ಗೆಲುವನ್ನು ಇಟ್ಟುಕೊಂಡು ಸತ್ತವರನ್ನು ಬಿಟ್ಟಂತಾಗುತ್ತದೆ.

ನೆನಪು ಹಂಚಿಹೋದ ಊರುಗಳು

ಈ ಸವಾರರ ನೆನಪು ಹಲವು ಊರುಗಳಲ್ಲಿ ಹಂಚಿಹೋಗಿದೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಸೈನಿಕರು ಹೈದರಾಬಾದ್, ಮೈಸೂರು, ಜೋಧಪುರ ದಳಗಳ ಪ್ರತೀಕ. ಶಿಲ್ಪಿ ಲೆನಾರ್ಡ್ ಜೆನಿಂಗ್ಸ್. ಬಹುಕಾಲ ಆ ಹೆಸರನ್ನು ನೆಹರೂ ಅವರ ಮನೆಯೊಂದಿಗೆ ಜೋಡಿಸಿಯೇ ಜನ ಕೇಳಿದರು. ಆ ಮೂವರಲ್ಲಿ ನಮ್ಮ ಮೈಸೂರಿನವನೊಬ್ಬ ಇದ್ದಾನೆಂದು ತಿಳಿದವರು ಕಡಿಮೆ. 2018ರ ಜನವರಿಯಲ್ಲಿ ಆ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಎಂದು ಹೆಸರಿಡಲಾಯಿತು. ಹೈಫಾ ನಗರದಲ್ಲಿ ಭಾರತೀಯ ಸೈನಿಕರ ಸ್ಮಶಾನವಿದೆ. ಅಲ್ಲಿ ಪ್ರತಿವರ್ಷ ಗೌರವ ಸಲ್ಲಿಸಲಾಗುತ್ತದೆ. ಆ ಊರಿನ ಶಾಲೆಗಳಲ್ಲಿ ಮಕ್ಕಳಿಗೆ ಈ ಕಥೆಯನ್ನು ಕಲಿಸುತ್ತಾರೆ.

ಇನ್ನೊಂದು ಸ್ಮಾರಕದ ಪಾಡು ಬೇರೆ. ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಣರಂಗಗಳಲ್ಲಿ ಸತ್ತು, ಸಮಾಧಿ ಎಲ್ಲೆಂದೇ ತಿಳಿಯದ ಸುಮಾರು 4,000 ಭಾರತೀಯ ಸೈನಿಕರಿಗಾಗಿ ಸೂಯೆಜ್ ಕಾಲುವೆಯ ದಕ್ಷಿಣ ತುದಿಯ ಪೋರ್ಟ್ ತೌಫೀಕ್‌ನಲ್ಲಿ 1926ರಲ್ಲಿ ಸ್ಮಾರಕ ಕಟ್ಟಲಾಗಿತ್ತು. ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಯುದ್ಧಗಳಲ್ಲಿ ಅದು ಜಖಂಗೊಂಡಿತು, ಕೊನೆಗೆ ಕೆಡವಬೇಕಾಯಿತು. ಒಂದು ಯುದ್ಧದ ನೆನಪನ್ನು ಇನ್ನೊಂದು ಯುದ್ಧ ನುಂಗಿತು. 1980ರಲ್ಲಿ ಕೈರೋದ ಹೀಲಿಯೋಪೊಲಿಸ್ ಯುದ್ಧ ಸ್ಮಶಾನದಲ್ಲಿ ಅದರ ಬದಲಿಗೆ ಹೊಸ ಸ್ಮಾರಕ ಎದ್ದಿತು. ಕಲ್ಲಿನಲ್ಲಿ ಕೆತ್ತಿದ್ದೂ ಶಾಶ್ವತವಲ್ಲ. ಕಾಪಾಡುವವರು ಇದ್ದರೆ ಮಾತ್ರ ಉಳಿಯುತ್ತದೆ.

ದಳದ ಬಾಳ್ವೆಯೂ ಬೇರೊಂದು ರೂಪದಲ್ಲಿ ಮುಂದುವರಿದಿದೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದವು. 1953ರಲ್ಲಿ ಸಂಸ್ಥಾನಗಳ ಕುದುರೆ ದಳಗಳನ್ನು ಕೂಡಿಸಿ ಕಟ್ಟಿದ ರೆಜಿಮೆಂಟೇ 61ನೆಯ ಕ್ಯಾವಲ್ರಿ. ಮೈಸೂರು ಲ್ಯಾನ್ಸರ್ಸ್ ಅದರ ಬೇರುಗಳಲ್ಲೊಂದು. ಜೈಪುರದಲ್ಲಿ ನೆಲೆಸಿರುವ ಈ ರೆಜಿಮೆಂಟ್ ಹೈಫಾ ದಿನವನ್ನು ತನ್ನ ಹಿರಿಯರ ದಿನವೆಂದು ಆಚರಿಸುತ್ತದೆ. ಬೆಂಗಳೂರಿನ ಸ್ಮಾರಕದ ಎದುರೂ ಸೆಪ್ಟೆಂಬರ್ 23ರಂದು ಹೂಗುಚ್ಛ ಇಡಲಾಗುತ್ತದೆ.

ಮರಳಿ ಬಂದವರ ಲೆಕ್ಕ

ಸ್ಮಾರಕದ ಕಲ್ಲಿನಲ್ಲಿ ಜಾಗ ಸಿಗುವುದು ರಣರಂಗದಲ್ಲಿ ಮಡಿದವರಿಗೆ. ಅವರ ಜೊತೆಯಲ್ಲೇ ಬೆಟ್ಟ ಏರಿ, ಗೆಳೆಯನ ಹೆಣ ಹೊತ್ತು, ಊರಿಗೆ ಮರಳಿದವರ ಸಂಖ್ಯೆ ಇನ್ನೂ ದೊಡ್ಡದು. ಅವರು ಪಿಂಚಣಿ ಪಡೆದರು, ಮಕ್ಕಳ ಮದುವೆ ಮಾಡಿದರು, ಮುಪ್ಪಿನಲ್ಲಿ ಮನೆಯ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರು. ಅವರ ಹೆಸರನ್ನು ಯಾವ ಕಲ್ಲೂ ಹೊತ್ತಿಲ್ಲ. ದೇಶ ಅವರಿಂದ ಪಡೆದದ್ದು ಮಡಿದವರಿಂದ ಪಡೆದದ್ದಕ್ಕಿಂತ ಕಡಿಮೆಯೇ? ಸೈನಿಕನೊಬ್ಬ ಸಹಜವಾಗಿ ಸತ್ತನೆಂದ ಮಾತ್ರಕ್ಕೆ ಅವನ ಸೇವೆಯೂ ಸಹಜವಾಗಿತ್ತೆಂದು ಅರ್ಥವಲ್ಲ.

ಇಂಥವರ ನೆನಪಿಗೆ ಉಳಿದಿರುವ ಆಸರೆ ಮನೆತನಗಳು. ಗೋಡೆಯ ಮೇಲೆ ಸಮವಸ್ತ್ರದ ಪಟ, ಟ್ರಂಕಿನ ತಳದಲ್ಲಿ ಪದಕ, ಮಡಿಕೆ ಸವೆದ ಡಿಸ್ಚಾರ್ಜ್ ಪತ್ರ. ಮನೆ ಬದಲಿಸುವಾಗ, ಆಸ್ತಿ ಭಾಗವಾಗುವಾಗ ಮೊದಲು ಕಳೆದುಹೋಗುವುದೂ ಇವೇ. ಪದಕದ ಅಂಚಿನಲ್ಲಿ ಸಾಮಾನ್ಯವಾಗಿ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ ಕೆತ್ತಿರುತ್ತದೆ. ಅದೊಂದು ಸಾಲು ಸಿಕ್ಕರೆ ಹುಡುಕಾಟಕ್ಕೆ ದಾರಿ ತೆರೆಯುತ್ತದೆ. ಯುದ್ಧದಲ್ಲಿ ಮಡಿದವರ ವಿವರಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ದಾಖಲೆಗಳಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ.

ನಿಮ್ಮ ಮನೆಯಲ್ಲಿ ಅಂಥ ಪಟವಿದ್ದರೆ ಅದರ ಹಿಂದೆ ಹೆಸರು, ಊರು, ದಳ, ತೀರಿಕೊಂಡ ವರ್ಷ ಬರೆದಿಡಿ. ಹಿರಿಯರಿಗೆ ತಿಳಿದದ್ದನ್ನು ಅವರಿರುವಾಗಲೇ ಕೇಳಿ ದಾಖಲಿಸಿ, ಒಂದು ಪ್ರತಿಯನ್ನು ಪತ್ರಾಗಾರಕ್ಕೋ ಊರಿನ ಶಾಲೆಗೋ ಕೊಡಿ. ರೆಜಿಮೆಂಟ್ ತನ್ನ ಪಾಲಿನ ಕೆಲಸವನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡುತ್ತಿದೆ. ಮನೆಗೆ ಮರಳಿ ಬಂದು ಸತ್ತವರ ಲೆಕ್ಕ ಇಡಬೇಕಾದವರು ನಾವು.