ಕುಡಿತ ಬಿಡಿಸಲು ಯಾರ ಬಳಿ ಹೋಗಬೇಕು?

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದರೆ ಯಾವ ವೈದ್ಯರ ಬಳಿ ಹೋಗಬೇಕೆಂದು ನೆರೆಹೊರೆಯವರೂ ಹೇಳಬಲ್ಲರು. ಅದೇ ಮನೆಯಲ್ಲಿ ಒಬ್ಬರ ಕುಡಿತ ಮಿತಿಮೀರಿದಾಗ ಮಾತ್ರ ಯಾರಿಗೂ ದಾರಿ ತಿಳಿಯುವುದಿಲ್ಲ. ದೇವರ ಮುಂದೆ ಆಣೆ ಹಾಕಿಸುತ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುತ್ತಾರೆ, ಗೋಡೆಯ ಮೇಲೆ ಬರೆದ ‘ಗ್ಯಾರಂಟಿ ಔಷಧ’ಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ವೈದ್ಯರ ಬಳಿಗೆ ಬರುವ ಹೊತ್ತಿಗೆ ಕಾಮಾಲೆಯೋ ರಕ್ತವಾಂತಿಯೋ ಶುರುವಾಗಿರುತ್ತದೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180 ಜನರಲ್ಲಿ ಒಬ್ಬರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಕುಡಿಯುವವರು ಬೇರೆ ಮದ್ಯಕ್ಕೆ ಹೊರಳಿದರು. ಖಾನಾಪುರ ತಾಲ್ಲೂಕಿನವರಿಗಂತೂ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ಮದ್ಯ ಅಗ್ಗ. ಬಾಟಲಿ ಸಿಗುವ ಜಾಗ ಎಲ್ಲರಿಗೂ ಗೊತ್ತು. ಅದನ್ನು ಬಿಡಿಸುವ ಜಾಗವೂ ಅಷ್ಟೇ ಸುಲಭವಾಗಿ ತಿಳಿಯಬೇಕು.

ಒಮ್ಮೆಲೇ ಬಿಡಿಸಬೇಡಿ

ಚಿಕಿತ್ಸಕರನ್ನು ಹುಡುಕುವ ಮೊದಲು ತಿಳಿಯಬೇಕಾದ ವಿಷಯವೊಂದಿದೆ. ದಿನವೂ ಹೆಚ್ಚಾಗಿ ಕುಡಿಯುವವರನ್ನು, ಅದರಲ್ಲೂ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಲೆಂದು ಕುಡಿಯುವವರನ್ನು, ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಪ್ರಯತ್ನ ಜೀವಕ್ಕೆ ಅಪಾಯ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ಚಡಪಡಿಕೆ ಕಾಣಿಸುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಹೊತ್ತು ಯಾವುದು, ಊರು ಯಾವುದು ತಿಳಿಯದು, ಗೋಡೆಯ ಮೇಲೆ ಹುಳು ಹರಿದಂತೆ ಕಾಣುತ್ತದೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಸಾವಿನಲ್ಲಿ ಕೊನೆಗೊಳ್ಳಬಹುದು.

ಸನ್ನಿ ಕಂಡವರು ‘ಗಾಳಿ ಸೋಕಿದೆ’ ಎಂದು ರೋಗಿಯನ್ನು ಬೇರೆಲ್ಲೋ ಕರೆದೊಯ್ದು ಅಮೂಲ್ಯ ಗಂಟೆಗಳನ್ನು ಕಳೆಯುತ್ತಾರೆ. ಫಿಟ್ಸ್ ಅಥವಾ ಸನ್ನಿ ಕಂಡರೆ 108ಕ್ಕೆ ಫೋನ್ ಮಾಡಿ ನೇರವಾಗಿ ಆಸ್ಪತ್ರೆಗೆ ಸೇರಿಸಿ. ಅಲ್ಲಿ ನಡುಕ, ಫಿಟ್ಸ್ ತಡೆಯುವ ಔಷಧವನ್ನು ಕೊಟ್ಟು ದಿನದಿನಕ್ಕೆ ಅದರ ಪ್ರಮಾಣ ಇಳಿಸುತ್ತಾರೆ. ಮೆದುಳಿನ ರಕ್ಷಣೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ರೋಗಿ ಕುಡಿಯುತ್ತಿದ್ದ ವಿಷಯವನ್ನು ವೈದ್ಯರಿಂದ ಮುಚ್ಚಿಡಬೇಡಿ. ಥಯಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇಂಥ ರೋಗಿಯ ಮೆದುಳಿಗೆ ಪೆಟ್ಟು ಬೀಳಬಹುದು.

ಸಾರಿನಲ್ಲಿ ಬೆರೆಸುವ ಪುಡಿ

“ಡಾಕ್ಟರ್ ಸಾಹೇಬ್ರ, ಅವ್ರಿಗೆ ಗೊತ್ತಾಗಧಂಗ ಸಾರಿನ್ಯಾಗ ಹಾಕೂ ಔಷಧ ಐತಂತಲ್ರೀ, ಅದನ್ನ ಬರದ ಕೊಡ್ರಿ” ಎಂದು ಕೇಳದ ಹೆಣ್ಣುಮಕ್ಕಳು ಕಡಿಮೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಇದು ಅಪಾಯಕಾರಿ ದಾರಿ. ಡೈಸಲ್ಫಿರಾಮ್ ಎಂಬ ಮಾತ್ರೆ ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಪ್ರಭಾವ ಉಳಿಯಬಹುದು. ಕುಡಿದರೆ ಏನಾಗುತ್ತದೆಂದು ತಿಳಿದು, ಒಪ್ಪಿ ನುಂಗುವವರಿಗಷ್ಟೇ ಅದು ಔಷಧ. ತಿಳಿಯದೆ ನುಂಗಿದವರಿಗೆ ವಿಷ. ಕುಡಿಯುವ ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಔಷಧಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ನೋಡಿ ವೈದ್ಯರೇ ತೀರ್ಮಾನಿಸಬೇಕು.

ಯಾರು ಏನು ಮಾಡುತ್ತಾರೆ?

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗ ಶಾಸ್ತ್ರದಲ್ಲಿ ಮೇಲಿನ ಪದವಿ ಪಡೆದವರು. ಔಷಧ ಬರೆಯುವ, ಆಸ್ಪತ್ರೆಗೆ ದಾಖಲಿಸಿಕೊಳ್ಳುವ ಕೆಲಸ ಅವರದು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಮೂಲಕ ಚಿಕಿತ್ಸೆ ನೀಡುವವರು. ಅವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ತಪ್ಪಿಲ್ಲ. ಮನೋರೋಗ ಸಾಮಾಜಿಕ ಕಾರ್ಯಕರ್ತರು ಸಂಸಾರ, ಸಾಲ, ಕೆಲಸ ಇವುಗಳ ಗಂಟು ಬಿಡಿಸಲು ನೆರವಾಗುತ್ತಾರೆ. ಆಪ್ತಸಮಾಲೋಚಕರೂ ಇದ್ದಾರೆ. ಆದರೆ ಈ ಹೆಸರನ್ನು ಬೋರ್ಡಿನ ಮೇಲೆ ಯಾರು ಬೇಕಾದರೂ ಬರೆಸಿಕೊಳ್ಳುತ್ತಾರೆ. ಆದ್ದರಿಂದ ಎಲ್ಲಿ ತರಬೇತಿ, ಯಾವ ಮನೋವೈದ್ಯರ ಜೊತೆ ಕೆಲಸ ಎಂದು ವಿಚಾರಿಸಿ.

‘ಬರೀ ಮಾತಾಡಿದರೆ ಕುಡಿತ ಬಿಡುತ್ತದೆಯೇ?’ ಎಂಬ ಅನುಮಾನ ಸಹಜ. ಇಲ್ಲಿ ಮಾತು ಎಂದರೆ ಉಪದೇಶವಲ್ಲ. ಕುಡಿಯಬೇಕೆನ್ನಿಸುವುದು ಯಾವಾಗ? ಪಗಾರದ ದಿನವೇ, ಸಂತೆಯ ದಿನವೇ, ಹೆಂಡತಿಯೊಡನೆ ಜಗಳವಾದಾಗಲೇ, ಹಳೆಯ ಗೆಳೆಯರು ಸಿಕ್ಕಾಗಲೇ? ಆ ಹೊತ್ತನ್ನು ಹೇಗೆ ದಾಟಬೇಕು? ‘ಬೇಡ’ ಎಂದು ಹೇಗೆ ಹೇಳಬೇಕು? ಇದನ್ನು ರೋಗಿಯ ಬಾಯಿಂದಲೇ ಹೊರಡಿಸಿ ಅಭ್ಯಾಸ ಮಾಡಿಸುತ್ತಾರೆ.

ಇದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಗೋವಾದ ‘ಸಂಗಾತ್’ ಸಂಸ್ಥೆಯವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 377 ಪುರುಷರ ಮೇಲೆ ನಡೆಸಿದ ಅಧ್ಯಯನ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರೆಲ್ಲ ಹಾನಿಕರ ಮಟ್ಟದಲ್ಲಿ ಕುಡಿಯುತ್ತಿದ್ದರೂ ತೀವ್ರವಾಗಿ ದಾಸರಾದವರಲ್ಲ. ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಹೆಚ್ಚೆಂದರೆ ನಾಲ್ಕು ಬಾರಿ ಕುಳಿತು ಮಾತಾಡಿದ್ದರು. ಮೂರು ತಿಂಗಳ ನಂತರ ಆ ಗುಂಪಿನಲ್ಲಿ ಶೇ. 36 ಜನ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 26. ಬೇಗ ಹೋದರೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಬೆಳಗಾವಿ, ಖಾನಾಪುರದವರಿಗೆ

ಚಟ ಬಿಡಿಸುವುದು ಎಂಟು ಹತ್ತು ದಿನಗಳ ಕೆಲಸ. ಬಿಟ್ಟವರು ಬಿಟ್ಟಂತೆಯೇ ಉಳಿಯುವುದು ವರ್ಷಗಳ ಕೆಲಸ. ಆದ್ದರಿಂದ ಒಮ್ಮೆ ಮಾತ್ರ ಹೋಗಬಹುದಾದ ದೂರದ ಹೆಸರಾಂತ ವೈದ್ಯರಿಗಿಂತ, ಹದಿನೈದು ದಿನಕ್ಕೊಮ್ಮೆ ಬಸ್ ಹತ್ತಿ ಹೋಗಿಬರಬಹುದಾದ ಚಿಕಿತ್ಸಕರೇ ಮೇಲು.

ಖಾನಾಪುರದವರು ತಾಲ್ಲೂಕು ಆಸ್ಪತ್ರೆಯಿಂದಲೇ ಆರಂಭಿಸಲಿ. ರಾಜ್ಯದಲ್ಲಿ 2014ರಲ್ಲಿ ಶುರುವಾದ ‘ಮನೋಚೈತನ್ಯ’ ಕಾರ್ಯಕ್ರಮದ ಉದ್ದೇಶವೇ ಮನೋವೈದ್ಯರನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಕರೆತರುವುದು. ಈ ತಿಂಗಳು ಯಾವ ದಿನ ಬರುತ್ತಾರೆಂದು ಆಸ್ಪತ್ರೆಯಲ್ಲಿ ಅಥವಾ ಊರಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ದಾಖಲಾಗುವ ಅಗತ್ಯ ಬಿದ್ದರೆ ಸುಮಾರು 25 ಕಿ.ಮೀ. ದೂರದ ಬೆಳಗಾವಿಯಲ್ಲಿ ಸರ್ಕಾರದ ‘ಬಿಮ್ಸ್’ ಆಸ್ಪತ್ರೆ, ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಜಟಿಲ ಪ್ರಕರಣಗಳಿಗೆ ಧಾರವಾಡದ ‘ಡಿಮ್ಹಾನ್ಸ್’, ಅದಕ್ಕೂ ಮೀರಿದರೆ ಬೆಂಗಳೂರಿನ ‘ನಿಮ್ಹಾನ್ಸ್’ ಇವೆ.

ಮನೆಯಿಂದ ಹೊರಡಲು ಸಂಕೋಚವಾದರೆ ಮೊದಲು ಫೋನಿನಲ್ಲೇ ಮಾತಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಂಖ್ಯೆ 14416. ಹಗಲುರಾತ್ರಿ ಉಚಿತ, ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಖಾನಾಪುರ ಭಾಗದ ಅನೇಕರ ಮನೆಮಾತು ಮರಾಠಿ ಅಥವಾ ಕೊಂಕಣಿ. ನಾಚಿಕೆಯ ಸಂಗತಿಯನ್ನು ಪರಭಾಷೆಯಲ್ಲಿ ಹೇಳಿಕೊಳ್ಳುವುದು ಕಷ್ಟ. ಆದ್ದರಿಂದ ರೋಗಿಯ ಮಾತು ಬಲ್ಲ ಚಿಕಿತ್ಸಕರನ್ನೇ ಕೇಳಿ ಪಡೆಯಿರಿ.

ಶ್ರೀ ಕ್ಷೇತ್ರ ಧರ್ಮಸ್ಥಳದ ಯೋಜನೆಯವರು ಜನಜಾಗೃತಿ ವೇದಿಕೆಯೊಂದಿಗೆ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಹಳ್ಳಿಗರಿಗೆ ಪರಿಚಿತ. ಶಿಬಿರಕ್ಕಿಂತಲೂ ಮುಖ್ಯವಾದುದು ಆಮೇಲೆ ನವಜೀವನ ಸಮಿತಿಯಲ್ಲಿ ಸಿಗುವ ಜೊತೆಗಾರರ ಬೆಂಬಲ. ಕುಡಿತ ಬಿಟ್ಟವರೇ ಒಂದೆಡೆ ಸೇರುವ, 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟಗಳ ಬಲವೂ ಇದೇ. ಹಿಂದೆ ಫಿಟ್ಸ್ ಅಥವಾ ಸನ್ನಿ ಬಂದವರು ಮಾತ್ರ ಮೊದಲು ವೈದ್ಯರಿಗೆ ತೋರಿಸಿಯೇ ಶಿಬಿರಕ್ಕೆ ಹೋಗಬೇಕು.

ಕೇಂದ್ರಕ್ಕೆ ಸೇರಿಸುವ ಮುನ್ನ

ಮದ್ಯ ಹಾಗೂ ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಒಳರೋಗಿಗಳನ್ನು ಇಟ್ಟುಕೊಳ್ಳುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಸರಪಳಿಯಲ್ಲಿ ಕಟ್ಟುವುದು ಕಾನೂನಿಗೆ ವಿರುದ್ಧ. ರೋಗಿಯ ವಿಷಯ ಗುಟ್ಟಾಗಿರಬೇಕು. ಹಣ ಕಟ್ಟುವ ಮೊದಲು ಇಷ್ಟು ಕೇಳಿ: ನೋಂದಣಿ ಪತ್ರ ತೋರಿಸುತ್ತೀರಾ? ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ನೋಡುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾರಿರುತ್ತಾರೆ? ಮನೆಯವರು ಬಂದು ಕಾಣಬಹುದೇ, ಫೋನಿನಲ್ಲಿ ಮಾತಾಡಬಹುದೇ? ಬಿಡುಗಡೆಯ ನಂತರ ಏನು ವ್ಯವಸ್ಥೆ? ಹಾರಿಕೆಯ ಉತ್ತರ ಬಂದರೆ ಅಥವಾ ‘ನೂರಕ್ಕೆ ನೂರು ಗ್ಯಾರಂಟಿ’ ಎಂದರೆ ಅಲ್ಲಿಂದ ಎದ್ದುಬನ್ನಿ.

ಮತ್ತೆ ಕುಡಿದರೆ?

ಹಲವರು ಮತ್ತೆ ಕುಡಿಯುತ್ತಾರೆ. ‘ಇಷ್ಟು ಖರ್ಚು ಮಾಡಿದ್ದು ನೀರಿಗೆ ಹೋಯಿತು’ ಎಂದು ಮನೆಯವರು ಕೈಚೆಲ್ಲುವುದು ಆಗಲೇ. ಸಕ್ಕರೆ ಪ್ರಮಾಣ ಏರಿದರೆ ವೈದ್ಯರನ್ನು ಬೈದು ಚಿಕಿತ್ಸೆ ನಿಲ್ಲಿಸುತ್ತೇವೆಯೇ? ಮತ್ತೆ ತೋರಿಸಿ ಔಷಧ ಸರಿಪಡಿಸಿಕೊಳ್ಳುತ್ತೇವೆ. ಇಲ್ಲಿಯೂ ಹಾಗೆಯೇ. ಜಾರಿದ ದಿನವೇ, ಹೆಚ್ಚೆಂದರೆ ಅದೇ ವಾರ, ಅದೇ ಚಿಕಿತ್ಸಕರ ಬಳಿ ಕರೆದೊಯ್ಯಿರಿ. ಏಕೆ ಜಾರಿದರೆಂಬುದನ್ನು ಕಂಡುಕೊಂಡರೆ ಮುಂದಿನ ಚಿಕಿತ್ಸೆಗೆ ಅದೇ ದಾರಿ ತೋರಿಸುತ್ತದೆ.

ಕುಡಿದ ಅಮಲಿನಲ್ಲಿರುವಾಗ ಚಿಕಿತ್ಸೆಯ ಮಾತು ತೆಗೆಯಬೇಡಿ. ಬೆಳಿಗ್ಗೆ, ಮಕ್ಕಳ ಎದುರಿಗಲ್ಲದೆ, ಕೂಗಾಡದೆ ಕೇಳಿ. ‘ಕುಡಿತಕ್ಕೆ’ ಎನ್ನುವ ಬದಲು ‘ನಿದ್ದೆ ಸರಿಯಿಲ್ಲ, ಹೊಟ್ಟೆ ನೋವಿದೆ, ತೋರಿಸಿಕೊಂಡು ಬರೋಣ’ ಎಂದರೂ ಸರಿ, ಅದು ನಿಜವೂ ಆಗಿರುತ್ತದೆ. ಅವರು ಒಪ್ಪದಿದ್ದರೆ ನೀವೇ ಮೊದಲು ಹೋಗಿ ಚಿಕಿತ್ಸಕರನ್ನು ಕಾಣಿ. ಹೇಗೆ ಕರೆತರಬೇಕೆಂದು ಅವರು ತಿಳಿಸುತ್ತಾರೆ. ಹೊಡೆತ ಬಡಿತವಿದ್ದರೆ ನಿಮ್ಮ ಮತ್ತು ಮಕ್ಕಳ ಸುರಕ್ಷತೆ ಮೊದಲು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.