ಒಣಗಿ ನಿಂತ ಕಾರ್ವಿಗೆ ಕತ್ತಿ ಹಾಕುವ ಮುನ್ನ

ಒಂದು ಬೇಸಿಗೆಯಲ್ಲಿ ಮುನವಳ್ಳಿಯ ಹಿರಿಯ ರೈತರೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಮಲಪ್ರಭೆಯ ದಡದಲ್ಲಿಯೇ ಹುಟ್ಟಿ ಬೆಳೆದ ಅವರಿಗೆ, ಆ ಹೊಳೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕನಕುಂಬಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಬಹುದಿನದ ಆಸೆ. ನಾವೂ ಜೊತೆಗೆ ಹೋದೆವು. ದಾರಿಯಲ್ಲಿ ಘಟ್ಟದ ಇಳಿಜಾರಿನ ತುಂಬ ಆಳೆತ್ತರಕ್ಕೂ ಮೀರಿದ ಕಡ್ಡಿಗಳು ಒತ್ತೊತ್ತಾಗಿ ಒಣಗಿ ನಿಂತಿದ್ದವು. ಅದನ್ನು ಕಂಡು ಹಿರಿಯರು, “ಇಷ್ಟೊಂದು ಕಟ್ಟಿಗಿ ಒಣಗಿ ನಿಂತಾವಲ್ರೀ, ಯಾರೂ ಕಡಕೊಂಡು ಒಯ್ಯಂಗಿಲ್ಲೇನು?” ಎಂದು ಕೇಳಿದರು.

ಅವರ ಪ್ರಶ್ನೆ ಸಹಜವಾದದ್ದೇ. ನಮ್ಮ ಬೆಳೆಗಾರರಲ್ಲಿಯೂ ಅನೇಕರು ಹಾಗೆಯೇ ತಿಳಿದು ಅಂಥ ಕಡ್ಡಿಯನ್ನು ಸವರಿ ಹಾಕುತ್ತಾರೆ. ಆದರೆ ಅದು ಬರಿಯ ಕಟ್ಟಿಗೆಯಲ್ಲ. ಎಂಟು ವರ್ಷ ಕಾದು ಒಮ್ಮೆ ಮಾತ್ರ ಹೂ ಬಿಟ್ಟ ಕಾರ್ವಿ ಗಿಡ ತನ್ನ ಬೀಜವನ್ನೆಲ್ಲ ತಲೆಯ ಮೇಲೆ ಹೊತ್ತು ಮೊದಲ ಮಳೆಗಾಗಿ ನಿಂತಿರುವುದು ಅದು. ಈ ವಿಷಯವನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಕಾರ್ವಿಯು ಸ್ಟ್ರೊಬಿಲ್ಯಾಂತಿಸ್ ಎಂಬ ಕುಲಕ್ಕೆ ಸೇರಿದ ಪೊದೆ ಗಿಡ. ಅದರ ಶಾಸ್ತ್ರೀಯ ಹೆಸರು ಸ್ಟ್ರೊಬಿಲ್ಯಾಂತಿಸ್ ಕ್ಯಾಲೋಸ. ಇದೇ ಕುಲದ ಹಲವು ಗಿಡಗಳನ್ನು ಮಲೆನಾಡಿನವರು ಗುರಿಗೆ, ಗುರ್ಗಿ ಎಂದು ಕರೆಯುತ್ತಾರೆ. ಹೆಸರುವಾಸಿಯಾದ ನೀಲಕುರಿಂಜಿಯೂ ಇದರ ಬಳಗವೇ. ಅದು ಹೂ ಬಿಡುವುದು ಹನ್ನೆರಡು ವರ್ಷಕ್ಕೊಮ್ಮೆ. ಇವೆರಡೂ ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು, ಬೀಜ ಕಟ್ಟಿ, ಸಾಯುತ್ತವೆ. ಅದೂ ಒಂದು ಗಿಡವಲ್ಲ, ಗುಡ್ಡದ ಮೈಮೇಲಿನ ಇಡೀ ಹಿಂಡು ಒಟ್ಟಿಗೆ. ಹೀಗಾಗಿ ಆ ಒಂದು ವರ್ಷದ ಬೀಜ ಹಾಳಾದರೆ ಮರುವರ್ಷ ನೋಡಿಕೊಳ್ಳೋಣ ಎನ್ನುವಂತಿಲ್ಲ. ಬೀಜ ಕೊಡಲು ತಾಯಿಗಿಡವೇ ಉಳಿದಿರುವುದಿಲ್ಲ.

ಗುರುತು ಹಿಡಿಯುವುದು

ಹೂ ಇಲ್ಲದ ಏಳು ವರ್ಷ ಕಾರ್ವಿ ಯಾವುದೋ ಕಳೆಯಂತೆ ಕಾಣುತ್ತದೆ. ಅದಕ್ಕೆ ಅಪಾಯವಿರುವುದು ಇಲ್ಲಿಯೇ. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ದೊಡ್ಡವು, ಮುಟ್ಟಿದರೆ ಒರಟು, ಅಂಚು ಗರಗಸದಂತೆ, ನರಗಳು ಎದ್ದು ಕಾಣುತ್ತವೆ. ಕಾಂಡದ ಗೆಣ್ಣು ಉಬ್ಬಿರುತ್ತದೆ. ಲಂಟಾನದ ಎಲೆಯೂ ಜೋಡಿಯೇ, ಆದರೆ ಅದರ ಕಾಂಡದಲ್ಲಿ ಮುಳ್ಳಿದೆ, ಎಲೆ ಉಜ್ಜಿದರೆ ಘಾಟು ಬರುತ್ತದೆ. ಕಾರ್ವಿಗೆ ಮುಳ್ಳಿಲ್ಲ. ಘಟ್ಟದ ಹಳ್ಳಿಗಳಲ್ಲಿ ಇದರ ನೆಟ್ಟನೆಯ ಕಡ್ಡಿಯನ್ನು ಸಾಲಾಗಿ ಕಟ್ಟಿ, ಮಣ್ಣು ಮೆತ್ತಿ, ಗುಡಿಸಲ ಗೋಡೆ ಮಾಡುತ್ತಿದ್ದರು. ಆದ್ದರಿಂದ ಊರಿನ ಹಿರಿಯರಿಗೆ ಒಂದು ಕಡ್ಡಿ ತೋರಿಸಿ ಕೇಳುವುದು ಒಳ್ಳೆಯದು.

ನೀಲಕುರಿಂಜಿಯ ನೆಲೆ ಬೇರೆ. ಸುಮಾರು 1,300 ಮೀಟರಿಗೂ ಮೇಲಿನ ಹುಲ್ಲುಗಾವಲಿನಲ್ಲಿ ಅದು ಮೊಣಕಾಲೆತ್ತರದ ಪೊದೆಯಾಗಿ ಬೆಳೆಯುವುದೇ ಹೆಚ್ಚು. ಕಾರ್ವಿ ಅದಕ್ಕಿಂತ ತಗ್ಗಿನ ಇಳಿಜಾರುಗಳಲ್ಲಿ ಆಳೆತ್ತರ ಮೀರಿ ಬೆಳೆಯುತ್ತದೆ. ಎರಡರ ಹೂವೂ ನೀಲಿ ನೇರಿಳೆ ಬಣ್ಣದ ಗಂಟೆಯಂತಿರುವುದರಿಂದ, ಹೂವನ್ನಷ್ಟೇ ನೋಡಿ ಹೆಸರಿಡಬಾರದು.

ಹೂ ಬಿಟ್ಟ ವರ್ಷವನ್ನು ಬರೆದಿಡುವುದು ಗುರುತಿನ ಇನ್ನೊಂದು ಅಂಗ. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಕಾರ್ವಿ ಅರಳಿದ್ದು 2008, 2016 ಮತ್ತು 2024ರಲ್ಲಿ. ಮುನ್ನಾರಿನ ನೀಲಕುರಿಂಜಿ 2006ರಲ್ಲಿಯೂ 2018ರಲ್ಲಿಯೂ ಅರಳಿತು. ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿ, ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ 2022ರಲ್ಲಿ ಗುಡ್ಡಗಳು ನೀಲಿಯಾದವು. ಅಂದರೆ ಎಲ್ಲ ಗುಡ್ಡಕ್ಕೂ ಒಂದೇ ಪಂಚಾಂಗವಿಲ್ಲ. ನಿಮ್ಮ ಗುಡ್ಡದ ಲೆಕ್ಕ ನಿಮ್ಮಲ್ಲಿಯೇ ಇರಬೇಕು. ಮಳೆಯ ಪ್ರಮಾಣ ಬರೆಯುವ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರೆ ಸಾಕು, ಮಕ್ಕಳ ಕಾಲಕ್ಕೆ ಅದೇ ದಾಖಲೆಯಾಗುತ್ತದೆ.

ಬೇಸಿಗೆಯ ಗಂಡಾಂತರ

ಕಾರ್ವಿ ಅರಳುವುದು ಮಳೆಗಾಲದ ಕೊನೆಯ ಭಾಗದಲ್ಲಿ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆಮೇಲೆ ಕಾಯಿ ಕಟ್ಟಿ ಗಿಡ ಒಣಗುತ್ತದೆ. ಬೀಜವಾದರೋ ಕೂಡಲೇ ನೆಲಕ್ಕೆ ಬೀಳುವುದಿಲ್ಲ. ಚಳಿಗಾಲ, ಬೇಸಿಗೆ ಪೂರ್ತಿ ಕಾಯಿಯೊಳಗೇ ಇದ್ದು, ಮೊದಲ ಮಳೆಯ ತೇವ ತಗುಲಿದಾಗ ಕಾಯಿ ಚಟಪಟನೆ ಸಿಡಿದು ಬೀಜ ಚೆಲ್ಲುತ್ತದೆ. ಕೆಲವೇ ವಾರದಲ್ಲಿ ನೆಲದ ತುಂಬ ಸಸಿ.

ಈ ನಡುವಿನ ತಿಂಗಳುಗಳಲ್ಲಿ ನಾವು ಏನು ಮಾಡುತ್ತೇವೆ? ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುತ್ತೇವೆ, ಒಣಗಿದ್ದನ್ನು ಸೌದೆಗೆ ಕಡಿಯುತ್ತೇವೆ. ಕಾಫಿಯವರು ಬಾಣೆಯನ್ನೂ ತೋಟದ ಅಂಚನ್ನೂ ಸವರಿಸುತ್ತೇವೆ. ಎಲ್ಲಿಯಾದರೂ ಬೆಂಕಿ ಬಿದ್ದರಂತೂ ಹೇಳುವುದೇ ಬೇಡ. ಹೂವಿನ ಕಾಲದಲ್ಲಿ ಗಿಡವನ್ನು ನೋಡಿ ಮೆಚ್ಚಿದವರೇ ಐದಾರು ತಿಂಗಳ ನಂತರ ಅದರ ಸಂತಾನವನ್ನು ಒಲೆಗೆ ಹಾಕುತ್ತೇವೆ. ಬೇಕೆಂದು ಮಾಡಿದ್ದಲ್ಲ, ತಿಳಿಯದೆ ಆದದ್ದು. ಆದರೆ ಗುಡ್ಡಕ್ಕೆ ಆಗುವ ನಷ್ಟ ಒಂದೇ. ಬರಿದಾದ ಜಾಗಕ್ಕೆ ಲಂಟಾನ, ಯುಪಟೋರಿಯಂ ಬಂದು ಕೂತರೆ ಮತ್ತೆ ಅದನ್ನು ಏಳಿಸುವುದು ಎಷ್ಟು ಕಷ್ಟವೆಂದು ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ.

ಆದುದರಿಂದ ಮೊದಲ ಮಾತು ಇದು: ಹೂ ಬಿಟ್ಟ ವರ್ಷದ ಮರು ಮಳೆಗಾಲ ಹಿಡಿಯುವವರೆಗೆ ಒಣಗಿದ ಕಾರ್ವಿಯನ್ನು ಮುಟ್ಟಬೇಡಿ. ಬೀಜ ಸಿಡಿದ ಮೇಲೆ ಕಡ್ಡಿ ನಿಮ್ಮದೇ.

ಬೀಜ ಸಂಗ್ರಹ

ತೋಟದ ರಸ್ತೆ, ಕಟ್ಟಡ, ಮಣ್ಣು ಕುಸಿತಗಳಿಂದ ಗಿಡ ಕಳೆದುಹೋದ ಜಾಗಕ್ಕೆ ಮಾತ್ರ ಬೀಜ ಕೂಡಿಸಿ ಬಿತ್ತುವುದು ಯೋಗ್ಯ. ಮೇ ತಿಂಗಳಲ್ಲಿ, ಇಬ್ಬನಿ ಆರಿದ ಒಣ ಹೊತ್ತಿನಲ್ಲಿ, ಕಂದು ಬಣ್ಣಕ್ಕೆ ತಿರುಗಿದ ಕಾಯಿಗೊಂಚಲನ್ನು ಬಟ್ಟೆಯ ಚೀಲಕ್ಕೆ ಕತ್ತರಿಸಿಕೊಳ್ಳಿ. ಒಂದೇ ಗಿಡವನ್ನು ಬೋಳಿಸದೆ, ಐವತ್ತಕ್ಕೆ ಕಡಿಮೆಯಿಲ್ಲದಷ್ಟು ಗಿಡಗಳಿಂದ ಚೂರು ಚೂರು ತೆಗೆಯಬೇಕು. ಹಾಗೆ ಮಾಡಿದರೆ ತಳಿಯ ಬಲ ಉಳಿಯುತ್ತದೆ. ಯಾವುದೇ ಕಾಡುಗಿಡದ ಬೀಜದಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದೆಂಬುದು ಬೀಜ ಸಂಗ್ರಾಹಕರ ಸಾಮಾನ್ಯ ನಿಯಮ. ಒಮ್ಮೆ ಮಾತ್ರ ಕಾಯಿ ಬಿಡುವ ಇಂಥ ಗಿಡಕ್ಕೆ ಹತ್ತನೆಯ ಒಂದು ಪಾಲು ಸಾಕೆಂಬುದು ನಮ್ಮ ಸಲಹೆ.

ಚೀಲವನ್ನು ನೆರಳಿನಲ್ಲಿ ಗಾಳಿಯಾಡುವಂತೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೂಸ್ಟು ಹಿಡಿಯುತ್ತದೆ. ಸ್ಥಳ, ದಿನಾಂಕ, ಎಷ್ಟು ಗಿಡದಿಂದ ತೆಗೆದದ್ದು ಎಂದು ಚೀಟಿ ಬರೆದು ಒಳಗೆ ಹಾಕಿ. ಮಳೆ ಹಿಡಿಯುತ್ತಲೇ ಕಾಯಿಗೆ ನೀರು ಚಿಮುಕಿಸಿ ಬಟ್ಟೆ ಮುಚ್ಚಿಟ್ಟರೆ ಬೀಜ ಅದರೊಳಗೇ ಸಿಡಿಯುತ್ತದೆ. ಅದೇ ಗುಡ್ಡದ, ಅದೇ ಎತ್ತರದ ಬರಿಜಾಗದಲ್ಲಿ ಮಣ್ಣನ್ನು ತುಸು ಕೆದಕಿ ಎರಚಿ. ಒಂದು ನೂರು ಬೀಜವನ್ನು ಕಾಫಿ ಸಸಿಮಡಿಯ ಮೂಲೆಯಲ್ಲಿ ಬಿತ್ತಿ ಎಷ್ಟು ಹುಟ್ಟಿತೆಂದು ಎಣಿಸಿ ಇಟ್ಟರೆ ಮುಂದಿನವರಿಗೆ ಉಪಕಾರ.

ಒಂದು ಎಚ್ಚರಿಕೆ ಅಗತ್ಯ. ಮೀಸಲು ಅರಣ್ಯ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ತೆಗೆಯಬಾರದು. ನೀಲಕುರಿಂಜಿಯಂತೂ ಈಗ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಸಸ್ಯ. ಅದರ ಹೂ ಕೀಳುವುದೇ ಅಪರಾಧ. ಅಳಿವಿನ ಅಂಚಿಗೆ ಸರಿಯಬಹುದಾದ ಗಿಡವೆಂದು 2024ರಲ್ಲಿ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೂ ಸೇರಿದೆ.

ನಮಗೇನು ಲಾಭ?

ಮಳೆಗಾಲದಲ್ಲಿ ಜೇನುಹುಳಕ್ಕೆ ಮೇವಿನ ಬರ. ಆ ಹೊತ್ತಿಗೆ ಅರಳುವ ಗುಡ್ಡ ಅವುಗಳಿಗೆ ದೊಡ್ಡ ಆಸರೆ. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವ ಜಾತಿಯಲ್ಲ. ಬೇಸಿಗೆಯ ಹೂಮಳೆ ಬಂದಾಗ ತುಡುವೆ, ಹೆಜ್ಜೇನುಗಳು ಇರಬೇಕಾದರೆ ಅವು ವರ್ಷವಿಡೀ ಬದುಕಿರಬೇಕು. ಅಲ್ಲದೆ ಇಳಿಜಾರಿನಲ್ಲಿ ಒತ್ತಾಗಿ ನಿಂತ ಪೊದೆ ಮಳೆಯ ಹೊಡೆತವನ್ನು ತಾನು ತಿಂದು ಮಣ್ಣನ್ನು ಹಿಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ದಡದ ಊರುಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಕಾರ್ವಿ ಇದ್ದರೆ ಪ್ರವಾಹ ಬರುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಮೇಲಿನ ಮಣ್ಣು ಮೇಲೆಯೇ ನಿಂತರೆ ನವಿಲುತೀರ್ಥದ ಜಲಾಶಯಕ್ಕೆ ಅಷ್ಟಾದರೂ ಹೂಳು ಕಡಿಮೆ ಎಂಬುದು ಯಾರಿಗೂ ತಿಳಿಯುವ ಮಾತು.

ಇಷ್ಟನ್ನೂ ಕೇಳಿದ ಮುನವಳ್ಳಿಯ ಹಿರಿಯರು, “ಹಂಗಾದ್ರ ಒಂದ ಹಿಡಿ ಬೀಜಾ ಕೊಡ್ರಿ, ನಮ್ಮ ಗುಡ್ಡಕ್ಕೂ ಹಾಕತೀನಿ” ಎಂದರು. ನಾವು ಕೊಡಲಿಲ್ಲ. ಘಟ್ಟದ ಭಾರಿ ಮಳೆಯ ಗಿಡ ಸವದತ್ತಿಯ ಒಣ ಗುಡ್ಡದಲ್ಲಿ ಬದುಕದು. ಅಲ್ಲಿಗೆ ಅಲ್ಲಿಯದೇ ತಂಗಡಿ, ಕವಳಿ ಇವೆ. ಅವುಗಳ ಬೀಜ ಕೂಡಿಸಿರೆಂದು ಹೇಳಿದೆವು. ಅವರು ನಕ್ಕು, “ಆತು, ನಿಮ್ಮ ಗಿಡಾ ನೀವು ಕಾಯ್ರಿ, ನಮಗ ಹೊಳಿ ನೀರು ಬಂದ್ರ ಸಾಕು” ಎಂದು, ಕನಕುಂಬಿಯ ನೀರನ್ನು ಒಂದು ತಂಬಿಗೆಯಲ್ಲಿ ತುಂಬಿಕೊಂಡು ಊರಿಗೆ ಹೊರಟರು.

ಕಾಯುವ ಕೆಲಸ ನಮ್ಮದು. ಅದಕ್ಕೆ ಬೇಕಾಗಿರುವುದು ಹಣವಲ್ಲ, ಎಂಟು ವರ್ಷಕ್ಕೊಮ್ಮೆ ಒಂದು ಬೇಸಿಗೆ ಕತ್ತಿಯನ್ನು ತಡೆದು ಹಿಡಿಯುವ ತಾಳ್ಮೆ.