ಕೋಡಿ ದಾಟಿ ಬಂದ ಗೆಂಡೆ

ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಅದು ತಡೆದಿದ್ದ ವೇದಾವತಿ ನದಿಯ ನೀರು ಕರ್ನಾಟಕದ ಗಡಿ ದಾಟಿ ಆಂಧ್ರದ ಕಲ್ಯಾಣದುರ್ಗ ಸೀಮೆಯ ಭೈರವಾನಿತಿಪ್ಪ ಅಣೆಕಟ್ಟೆಯತ್ತ ಹರಿಯಿತು. ಕೋಡಿ ನೀರೊಂದೇ ಬರುವುದಿಲ್ಲ, ಜೊತೆಗೆ ಮೀನೂ ಬರುತ್ತದೆ. ಹಿಂದೂಪುರದ ಕಡೆಯೂ ಹಾಗೆಯೇ. ನಂದಿಬೆಟ್ಟದ ಸಾಲಿನಿಂದ ಪೆನ್ನಾರ್, ದೇವರಾಯನದುರ್ಗದಿಂದ ಜಯಮಂಗಲಿ ಇಳಿದು ಬರುತ್ತವೆ. ಮೇಲಿನ ಕೆರೆಗೆ ಬಿಟ್ಟ ಮರಿ ಮಳೆ ಜೋರಾದ ವರ್ಷ ಕೆಳಗಿನೂರಿನ ಬಲೆಗೆ ಬೀಳುತ್ತದೆ.

ಹಾಗೆ ಬೀಳುವುದರಲ್ಲಿ ಪರದೇಶದ ಸಂತತಿಗೇನೂ ಕಡಿಮೆಯಿಲ್ಲ. ಸಾಮಾನ್ಯ ಗೆಂಡೆ 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂತು, ಬಯಲಿನ ಬಿಸಿಲಿಗೆ ಒಗ್ಗುವ ಅದರ ತಳಿ 1957ರಲ್ಲಿ ಬ್ಯಾಂಕಾಕಿನಿಂದ. ಬೆಳ್ಳಿ ಗೆಂಡೆ, ಹುಲ್ಲು ಗೆಂಡೆ ಬಂದದ್ದು 1959ರಲ್ಲಿ. ನಾವು ಜಿಲೇಬಿ ಎನ್ನುವ ತಿಲಾಪಿಯಾ ಅದಕ್ಕೂ ಮುಂಚೆ, 1952ರಲ್ಲಿ. ಯಾವುದೂ ಕದ್ದು ಬಂದದ್ದಲ್ಲ. ಜನರ ಊಟಕ್ಕೆ ಮೀನು ಬೇಕೆಂದು ನಾವೇ ಕರೆತಂದೆವು. ಈಗ ಬೈದು ಏನು ಫಲ?

ಹಿಡಿಯುವುದನ್ನಂತೂ ನಿಂತು ನೋಡಬೇಕು. ಗೆಂಡೆಯ ಬಾಯಂಚಿಗೆ ಎರಡು ಜೊತೆ ಮೀಸೆ. ಕೆಸರಿಗೆ ಮೂತಿ ತೂರಿಸಿ ಹುಳ ಹುಡುಕುತ್ತದೆ. ಅಲ್ಲಿ ನೀರು ಕದಡಿ ಗುಳ್ಳೆ ಏಳುತ್ತವೆ. ಬೆಸ್ತರ ಕಣ್ಣಿಗೆ ಅಷ್ಟೇ ಗುರುತು ಸಾಕು. ಸುತ್ತಂಚಿಗೆ ಸೀಸದ ಗುಂಡು ಕಟ್ಟಿದ ಬೀಸುಬಲೆಯ ಒಂದು ಮಡಿಕೆ ಭುಜಕ್ಕೆ, ಒಂದು ಮೊಣಕೈಗೆ. ಸೊಂಟ ತಿರುಗಿಸಿ ಬಿಟ್ಟರೆ ಬಲೆ ಗಾಳಿಯಲ್ಲೇ ದುಂಡಗೆ ಬಿಚ್ಚಿಕೊಂಡು ಬೀಳಬೇಕು. ಓರೆಯಾಯಿತೋ, ಗೆಂಡೆ ಅಂಚಿನಡಿಯ ಕೆಸರಲ್ಲೇ ನುಸುಳಿ ಪಾರು. ಬೆಳ್ಳಿ ಗೆಂಡೆಯ ಚಾಳಿ ಬೇರೆ, ಸದ್ದಾದರೆ ನೀರಿನಿಂದ ಮೇಲಕ್ಕೇ ನೆಗೆಯುತ್ತದೆ.

ಇವುಗಳ ಕಾಟವೂ ಸುಳ್ಳಲ್ಲ. ನಮ್ಮ ದೇಶದವೇ ಆದ ಕಾಟ್ಲಾ, ರೋಹುಗೆ ಮೊಟ್ಟೆಯಿಡಲು ಹರಿಯುವ ನೀರು ಬೇಕು. ಸಾಮಾನ್ಯ ಗೆಂಡೆಗೆ ನಿಂತ ಕೆರೆಯ ಜೊಂಡೇ ಸಾಕು. ಜಿಲೇಬಿಯ ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟು ಕಾಯುತ್ತದೆ. ಹಿಮಾಚಲದ ಗೋವಿಂದ ಸಾಗರದಲ್ಲಿ ಬೆಳ್ಳಿ ಗೆಂಡೆ ಹೆಚ್ಚಿದಂತೆ ಕಾಟ್ಲಾ ಕುಗ್ಗಿತು.

ಅಮೆರಿಕದ ಇಲಿನಾಯ್ ರಾಜ್ಯ ಬೆಳ್ಳಿ ಗೆಂಡೆ, ಹುಲ್ಲು ಗೆಂಡೆಗಳಂಥವನ್ನು ತಿನ್ನಿರೆಂದು ಜನರನ್ನು ಒಲಿಸಲು 2022ರಲ್ಲಿ ‘ಕೋಪಿ’ ಎಂದು ಹೊಸ ಹೆಸರಿಟ್ಟಿತು. ನಮಗೆ ಆ ನಾಮಕರಣ ಬೇಕಿಲ್ಲ. ಮುದ್ದೆ ಮಾಡುವ ಮನೆಗೆ ಮೀನು ತಿನ್ನುವುದನ್ನು ಯಾರೂ ಕಲಿಸಬೇಕಿಲ್ಲ. ತಕರಾರು ಸಣ್ಣ ಮುಳ್ಳಿನದು. ಚಕ್ಕಳದ ಕಡೆಯಿಂದ ಒತ್ತೊತ್ತಾಗಿ ಚಾಕುವಿನ ಗೀರು ಹಾಕಿ, ಉಪ್ಪು ಖಾರ ಹುಣಸೆರಸ ಸವರಿ ಕಾದ ಎಣ್ಣೆಗೆ ಬಿಟ್ಟರೆ ಮುಳ್ಳು ಗರಿಗರಿಯಾಗಿ ಅಗಿಯಲು ಬರುತ್ತದೆ. ಸಣ್ಣ ಜಿಲೇಬಿಯನ್ನು ಸೀಳಿ ಉಪ್ಪು ತುಂಬಿ ಒಣಗಿಸಬಹುದು. ತಲೆ, ಕರುಳಿನ ತ್ಯಾಜ್ಯಕ್ಕೆ ಸಮತೂಕ ಬೆಲ್ಲ ಬೆರೆಸಿ ಕೆಲವು ವಾರ ಮುಚ್ಚಿಟ್ಟರೆ ಸಾವಯವ ರೈತರು ಬೆಳೆಗೆ ಸಿಂಪಡಿಸುವ ದ್ರಾವಣ ಸಿದ್ಧ. ಅನಂತಪುರದ ಒಣ ಹೊಲಕ್ಕೆ ಇದಕ್ಕಿಂತ ಅಗ್ಗದ ಗೊಬ್ಬರ ಎಲ್ಲಿದೆ?

ಆದರೆ ಒಂದು ಭಯ ನನಗಿದೆ. ಉಪಯೋಗ ಹೆಚ್ಚಾದಷ್ಟೂ ಬೇಡಿಕೆ ಹುಟ್ಟಿ, ಹಿಡಿದು ಮುಗಿಸಬೇಕಾದ ಮೀನನ್ನೇ ಮತ್ತೆ ಬಿತ್ತುವವರು ಹುಟ್ಟಿಕೊಳ್ಳುತ್ತಾರೆ. ನಿಷೇಧವಿದ್ದರೂ ಆಫ್ರಿಕನ್ ಕ್ಯಾಟ್‌ಫಿಷ್ ಕದ್ದು ಸಾಕುವವರಿಲ್ಲವೇ? ಆದ್ದರಿಂದ ಕೃಷಿಹೊಂಡದಲ್ಲಿ ಮೀನು ಸಾಕುವವರು ಮಳೆಗಾಲಕ್ಕೆ ಮುಂಚೆ ಹೊರಗಂಡಿಗೆ ಸಣ್ಣಕಣ್ಣಿನ ಜಾಲರಿ ಕಟ್ಟಿ. ಮನೆಯ ಗಾಜಿನ ತೊಟ್ಟಿಯ ಮೀನು ಬೇಡವಾದರೆ ಕೊಂಡ ಅಂಗಡಿಗೇ ಕೊಡಿ, ಕೆರೆಗೆ ಬಿಡಬೇಡಿ.